ಹೊಯ್ಗೆ ದಿಬ್ಬ ಖಾಲಿ ಜಾಗ ಅಲ್ಲ

ಜೂನ್ ತಿಂಗಳು ಬಂತೆಂದರೆ ಕರಾವಳಿಯ ಸ್ಟ್ರಿಂಗರುಗಳಿಗೆ ಒಂದು ಸುದ್ದಿ ಖಾಯಂ: ಕಡಲ್ಕೊರೆತ. ಬುಡಸಮೇತ ಮಗುಚಿದ ಎರಡು ತೆಂಗಿನಮರದ ಫೋಟೋ, ಅಂಚಿನಲ್ಲಿ ನಿಂತ ಒಂದು ಮನೆ, ಜನಪ್ರತಿನಿಧಿಗಳ ಭೇಟಿ, ಶಾಶ್ವತ ಪರಿಹಾರಕ್ಕೆ ಆಗ್ರಹ, ಕೊನೆಗೆ ಲಾರಿಯಲ್ಲಿ ಬಂದು ಬೀಳುವ ಕಲ್ಲು. ಡೆಸ್ಕಿನಿಂದ ಬರುವ ಪ್ರಶ್ನೆಯೂ ಖಾಯಂ: "ಮನೆ ಬಿದ್ದಿದೆಯಾ, ಬೀಳುವ ಹಾಗಿದೆಯಾ?" ಬಿದ್ದಿದ್ದರೆ ಮೂರು ಕಾಲಂ, ಬೀಳುವ ಹಾಗಿದ್ದರೆ ಒಂದು ಕಾಲಂ. ಆಗಸ್ಟ್ ಮುಗಿಯುವ ಹೊತ್ತಿಗೆ ಕಡಲು ತಣ್ಣಗಾಗುತ್ತದೆ, ಸುದ್ದಿಯೂ ತಣ್ಣಗಾಗುತ್ತದೆ.

ಆದರೆ ಕಡಲ್ಕೊರೆತದ ಅರ್ಧ ಕತೆ ನಡೆಯುವುದು ಮಳೆಗಾಲದಲ್ಲಿ ಅಲ್ಲವೇ ಅಲ್ಲ. ಅಕ್ಟೋಬರಿನಿಂದ ಮೇ ತನಕ ಕಡಲು ಸುಮ್ಮನಿರುವ ಎಂಟು ತಿಂಗಳು ಇವೆಯಲ್ಲ, ಆಗ ತೀರದ ಹೊಯ್ಗೆ ದಿಬ್ಬಕ್ಕೆ ಏನಾಗುತ್ತದೆ ಎನ್ನುವುದರ ಮೇಲೆ ಜೂನಿನ ಸುದ್ದಿ ನಿಂತಿದೆ. ಆ ಎಂಟು ತಿಂಗಳಿಗೆ ಪತ್ರಿಕೆಯಲ್ಲಿ ಜಾಗ ಸಿಗುವುದು ಕಷ್ಟ. ಯಾಕೆಂದರೆ ಆಗ ಏನೂ ಬೀಳುವುದಿಲ್ಲ. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ನಾನು ಹೆಚ್ಚು ಓಡಾಡಿದ ಜಾಗ, ಹೊನ್ನಾವರ ತಾಲ್ಲೂಕಿನ ಕಾಸರಕೋಡ ಮತ್ತು ಟೊಂಕ.

ಎಲ್ಲಿದೆ ಈ ಜಾಗ

ಹೊನ್ನಾವರ ಪೇಟೆಯಿಂದ ಹೆದ್ದಾರಿಯಲ್ಲಿ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಸಿಗುವ ಊರು ಕಾಸರಕೋಡ. ಪಶ್ಚಿಮಕ್ಕೆ ಕಡಲು, ಉತ್ತರಕ್ಕೆ ಹೊಳೆ. ನಡುವೆ ಹೊಯ್ಗೆಯ ಪಟ್ಟಿ. ಅದರ ತುದಿಯಲ್ಲಿ ಟೊಂಕ, ಅಲ್ಲೇ ಶರಾವತಿಯ ಅಳಿವೆ.

ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ನಮ್ಮ ಕಡೆ ಮರಳಿಗೆ ಹೊಯ್ಗೆ ಎನ್ನುತ್ತೇವೆ. ಹೊಳೆ ಕಡಲಿಗೆ ಸೇರುವ ಬಾಯಿಗೆ ಅಳಿವೆ. ಅಳಿವೆಯ ಬಳಿ ನಾಲಿಗೆಯ ಹಾಗೆ ಚಾಚಿದ ಹೊಯ್ಗೆ ಪಟ್ಟಿಗೆ ತೆಂಕಣ ಊರುಗಳಲ್ಲಿ ಕೋಡಿ, ಬೆಂಗ್ರೆ ಎಂಬ ಹೆಸರುಗಳಿವೆ. ಕುಂದಾಪುರದ ಕೋಡಿ, ಉಡುಪಿಯ ಕೋಡಿ ಬೆಂಗ್ರೆ, ಮಂಗಳೂರಿನ ಬೆಂಗ್ರೆ, ಹೊಯ್ಗೆ ಬಜಾರ್. ಹೆಸರು ಇಟ್ಟವರಿಗೆ ತಾವು ಯಾವುದರ ಮೇಲೆ ನಿಂತಿದ್ದೇವೆ ಎಂದು ಚೆನ್ನಾಗಿ ಗೊತ್ತಿತ್ತು.

ಕಂದಾಯದ ಲೆಕ್ಕದಲ್ಲಿ ಬೆಳೆ ಬೆಳೆಯದ ಜಾಗಕ್ಕೆ ಬೇರೆ ಹೆಸರು: ಖರಾಬು. ಕಡಲ ಬದಿಯ ಹೊಯ್ಗೆಯನ್ನು ಆಫೀಸಿನಲ್ಲಿ ಕೂತು ನೋಡಿದರೆ ಅಲ್ಲಿ ಗದ್ದೆ ಇಲ್ಲ, ತೋಟ ಇಲ್ಲ, ಬೇಲಿ ಇಲ್ಲ. ಹೊಸ ಯೋಜನೆ ಬಂದಾಗಲೆಲ್ಲ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ರಸ್ತೆ ಬೇಕೆ, ಪಾರ್ಕಿಂಗ್ ಬೇಕೆ, ರೆಸಾರ್ಟ್ ಬೇಕೆ, ಬಂದರು ಬೇಕೆ, ಅಲ್ಲಿ ಖಾಲಿ ಜಾಗ ಉಂಟು.

ಕಡಲಿಂದ ರಸ್ತೆಗೆ ನಡೆದರೆ

ಖಾಲಿಯೋ ಅಲ್ಲವೋ ನೋಡಲು ಸುಲಭದ ದಾರಿ ಇದೆ. ಚಪ್ಪಲಿ ಕೈಯಲ್ಲಿ ಹಿಡಿದು, ಕಡಲಿಗೆ ಬೆನ್ನು ಹಾಕಿ, ರಸ್ತೆಯ ಕಡೆಗೆ ನಿಧಾನ ನಡೆಯಿರಿ.

ಮೊದಲು ಒದ್ದೆ ಹೊಯ್ಗೆ. ನಂತರ ಭರತದ ನೀರು ತಂದು ಬಿಟ್ಟ ಕಸದ ಗೆರೆ: ಚಿಪ್ಪು, ಕಡ್ಡಿ, ಹರಿದ ಬಲೆ ತುಂಡು, ಬಾಟಲಿ. ಅದನ್ನು ದಾಟಿದ ಕೂಡಲೇ ಮೊದಲ ಹಸಿರು ಸಿಗುತ್ತದೆ, ಬಂಗಡೆ ಬಳ್ಳಿ. ಕೆಲವರು ಅಡಂಬು ಬಳ್ಳಿ ಎನ್ನುತ್ತಾರೆ. ಎಲೆ ಆಡಿನ ಗೊರಸಿನ ಹಾಗೆ ತುದಿಯಲ್ಲಿ ಸೀಳಿರುತ್ತದೆ, ಹೂವು ತಿಳಿ ನೇರಳೆ. ಒಂದೊಂದು ಬಳ್ಳಿ ಹತ್ತಾರು ಅಡಿ ಹರಿದು, ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು, ಹೊಯ್ಗೆಯನ್ನು ಬಲೆಯ ಹಾಗೆ ಹಿಡಿದಿರುತ್ತದೆ.

ಅದರ ಹಿಂದೆ ರಾವಣನ ಮೀಸೆ. ಗಟ್ಟಿ ಹುಲ್ಲು, ತುದಿ ಸೂಜಿಯ ಹಾಗೆ. ಬರಿಗಾಲಲ್ಲಿ ಓಡಿದವರಿಗೆ ಇದರ ಪರಿಚಯ ಬೇಡ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಕಾಯಿಗೊಂಚಲು ಮುಳ್ಳಿನ ಚೆಂಡಿನಂತೆ ಉಂಡೆಯಾಗಿರುತ್ತದೆ. ಒಣಗಿದ ಮೇಲೆ ಕಳಚಿಕೊಂಡು ಗಾಳಿಗೆ ತೀರದುದ್ದಕ್ಕೂ ಉರುಳುತ್ತ ಹೋಗುತ್ತದೆ. ನಾವು ಸಣ್ಣವರಿದ್ದಾಗ ಅದರ ಹಿಂದೆ ಓಡುತ್ತಿದ್ದೆವು. ಬೀಜ ಬಿತ್ತುವ ಗಾಡಿಯ ಹಿಂದೆ ಓಡುತ್ತಿದ್ದೇವೆ ಎಂದು ಆಗ ಯಾರೂ ಹೇಳಿರಲಿಲ್ಲ.

ಇನ್ನೂ ಮೇಲೆ ಹೋದರೆ ಕೇದಿಗೆ ಮುಳ್ಳಿನ ಪೊದೆ. ಅದರ ಆಚೆ ಹೊನ್ನೆ, ಗೇರು, ಗಾಳಿ ಮರ. ಎಲ್ಲದರ ಹಿಂದೆ ತೆಂಗು, ಮನೆ, ಬಾವಿ.

ಈ ಸಾಲು ಹೀಗೇ ಇರುವುದಕ್ಕೆ ಕಾರಣ ಇದೆ. ಕಡಲಿನಿಂದ ಬೀಸುವ ಗಾಳಿ ಒಣಗಿದ ಹೊಯ್ಗೆಯನ್ನು ಎತ್ತಿಕೊಂಡು ಬರುತ್ತದೆ. ಬಳ್ಳಿ, ಹುಲ್ಲು ಅಡ್ಡ ಬಂದಾಗ ಗಾಳಿಯ ವೇಗ ಕಡಿಮೆಯಾಗಿ ಕೈಲಿದ್ದ ಹೊಯ್ಗೆ ಅಲ್ಲೇ ಬೀಳುತ್ತದೆ. ಬೇರೆ ಗಿಡವಾದರೆ ಹೂತುಹೋಗಿ ಸಾಯುತ್ತದೆ. ಇವು ಹೂತಷ್ಟೂ ಮೇಲಕ್ಕೆ ಬೆಳೆಯುತ್ತವೆ. ಇನ್ನಷ್ಟು ಹೊಯ್ಗೆ ಸೇರುತ್ತದೆ. ದಿಬ್ಬ ಕಟ್ಟಿದ್ದು ಹೀಗೆ, ಮುಷ್ಟಿ ಮುಷ್ಟಿಯಾಗಿ. ಬಳ್ಳಿ ಕಿತ್ತರೆ ಕಟ್ಟುವ ಕೆಲಸ ನಿಂತಿತು, ಅಷ್ಟೇ.

ಈ ಹೊಯ್ಗೆ ಬಂದದ್ದು ಎಲ್ಲಿಂದ

ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ನೀರಿನಲ್ಲಿ ಬಹಳಷ್ಟು ಹಿಮವಾಗಿ ಕಟ್ಟಿಕೊಂಡಿತ್ತು. ಆಗ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದರೆ ಆಗ ತೀರ ಇಲ್ಲಿರಲಿಲ್ಲ, ಪಶ್ಚಿಮಕ್ಕೆ ಬಹಳ ದೂರ ಇತ್ತು. ಹಿಮ ಕರಗುತ್ತ ಕಡಲು ಏರುತ್ತ ಬಂದು, ಸುಮಾರು 6,000–7,000 ವರ್ಷಗಳಿಂದೀಚೆಗೆ ಹೆಚ್ಚುಕಡಿಮೆ ಈಗಿನ ಮಟ್ಟದಲ್ಲಿ ನಿಂತಿತು. ನಮ್ಮ ತೀರದ ಹೊಯ್ಗೆ ದಿಬ್ಬಗಳು, ಕೋಡಿಗಳು ಈಗಿನ ಆಕಾರಕ್ಕೆ ಬಂದದ್ದು ಆ ಮೇಲೆ. ಊರಿನ ಹಿಂದಿನ ಚಿರೆಕಲ್ಲಿನ ಗುಡ್ಡದ ವಯಸ್ಸಿನ ಮುಂದೆ ಇವು ನಿನ್ನೆ ಮೊನ್ನೆಯವು.

ಹೊಯ್ಗೆ ತಂದದ್ದು ಹೊಳೆಗಳು. ಶರಾವತಿ ಘಟ್ಟದ ಕಲ್ಲನ್ನು ಉಜ್ಜಿ ಪುಡಿ ಮಾಡಿ ಕಡಲಿಗೆ ತಂದು ಸುರಿಯಿತು. ಕಡಲು ಅದನ್ನು ಪೂರ್ತಿ ಇಟ್ಟುಕೊಳ್ಳಲಿಲ್ಲ. ಅಲೆಯಿಂದ ಒಂದಷ್ಟನ್ನು ತೀರದುದ್ದಕ್ಕೂ ಹರಡಿತು, ಗಾಳಿ ಒಂದಷ್ಟನ್ನು ಮೇಲಕ್ಕೆ ಎತ್ತಿತು. ಹೊಳೆ ಹೊರಕ್ಕೆ ನೂಕುತ್ತದೆ, ಕಡಲು ಒಳಕ್ಕೆ ನೂಕುತ್ತದೆ. ಇಬ್ಬರ ಜಗಳದ ಮಧ್ಯೆ ಹುಟ್ಟಿದ ಜಾಗ ಟೊಂಕ. ಹಾಗಾಗಿ ಅಳಿವೆ ಒಂದೇ ಕಡೆ ನಿಲ್ಲುವುದಿಲ್ಲ. ಬಾಯಿಯ ಹೊಯ್ಗೆ ಸರಿಯುತ್ತಲೇ ಇರುತ್ತದೆ.

14ನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ದೊಡ್ಡ ಹಡಗುಗಳು ಒಳಗೆ ಬರಬಲ್ಲ ಹಿನ್ನೀರಿನ ದಡದಲ್ಲಿ ಈ ಊರು ಇದೆ ಎಂದು ಬರೆದಿಟ್ಟಿದ್ದಾನೆ. ಊರಿನಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದವು ಎಂಬುದೂ ಅವನ ಬರಹದಲ್ಲಿದೆ. ಇವತ್ತು ಅದೇ ಅಳಿವೆಯಲ್ಲಿ ಹೂಳು ತುಂಬಿ, ಮೀನುಗಾರಿಕೆ ಬೋಟುಗಳೇ ಭರತ ನೋಡಿ ಒಳಗೆ ಬರಬೇಕು. ಅಳಿವೆಯಲ್ಲಿ ಬೋಟ್ ಮಗುಚಿದ ಸುದ್ದಿ ನಮ್ಮ ತಾಲ್ಲೂಕಿನವರಿಗೆ ಹೊಸದಲ್ಲ.

ಗಾಳಿ ಮರ ಬಂದ ಕತೆ

ತೀರ ಎಂದರೆ ಗಾಳಿ ಮರ ಎಂದೇ ನಮ್ಮ ಕಣ್ಣಿಗೆ ರೂಢಿಯಾಗಿದೆ. ಕಾಸರಕೋಡದಲ್ಲೂ ಅದರ ದೊಡ್ಡ ತೋಪು ಇದೆ. ಆದರೆ ಅದು ನಮ್ಮ ತೀರದ ಮೂಲ ಮರವಲ್ಲ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆಯ ಕಡಲ ಬದಿಯ ಮರ. ಬ್ರಿಟಿಷರ ಕಾಲದಲ್ಲಿ ಕಾರವಾರದ ಸುತ್ತ ಇದರ ತೋಪುಗಳು ಎದ್ದವು. ರವೀಂದ್ರನಾಥ ಟ್ಯಾಗೋರರು 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದರು. ತಮ್ಮ ನೆನಪಿನ ಬರಹದಲ್ಲಿ ಅವರು ಕಾರವಾರದ ತೀರವನ್ನು ವರ್ಣಿಸುವಾಗ ಗಾಳಿ ಮರದ ಸಾಲು ಬರುತ್ತದೆ. ಅಂದರೆ ಆ ಹೊತ್ತಿಗಾಗಲೇ ಮರ ಅಲ್ಲಿ ಎತ್ತರಕ್ಕೆ ನಿಂತಿತ್ತು.

ಬರೀ ಹೊಯ್ಗೆಯಲ್ಲಿ ಬೇರೆ ಮರ ಬದುಕುವುದು ಕಷ್ಟ. ಗಾಳಿ ಮರದ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳಿದ್ದು, ಅವು ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿ ಮಾಡಿಕೊಡುತ್ತವೆ. ಅದಕ್ಕೇ ಅದು ಬೆಳೆಯುತ್ತದೆ. ಅರಣ್ಯ ಇಲಾಖೆ ನೆಟ್ಟ ಈ ತೋಪುಗಳು ಊರಿಗೆ ಗಾಳಿ ತಡೆದಿವೆ, ಸೌದೆ ಕೊಟ್ಟಿವೆ, ಗಳ ಕೊಟ್ಟಿವೆ. ಅದನ್ನು ಮರೆಯಬಾರದು.

ಆದರೆ ಲೆಕ್ಕದ ಇನ್ನೊಂದು ಬದಿಯೂ ಉಂಟು. ಗಾಳಿ ಮರದ ಬುಡದಲ್ಲಿ ಸೂಜಿಯಂಥ ತರಗು ಚಾಪೆಯ ಹಾಗೆ ಹಾಸಿ ಬೀಳುತ್ತದೆ. ಅದರ ಅಡಿಯಲ್ಲಿ ಬಂಗಡೆ ಬಳ್ಳಿ ಹುಟ್ಟುವುದಿಲ್ಲ. ನೀರಿನ ಅಂಚಿನ ತನಕ ಗಾಳಿ ಮರ ನೆಟ್ಟ ಕಡೆ ಮಳೆಗಾಲದಲ್ಲಿ ನೋಡಿ: ದಿಬ್ಬ ಇಳಿಜಾರಾಗಿ ಉಳಿಯದೆ, ಗೋಡೆ ಕಡಿದಂತೆ ನೆಟ್ಟಗೆ ಕುಸಿದಿರುತ್ತದೆ, ಬೇರುಗಳು ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ಮರ ಹಿಂದಿನ ಸಾಲಿಗೆ ಸರಿ. ಮುಂದಿನ ಸಾಲು ಬಳ್ಳಿಗೆ ಬಿಡಬೇಕು.

ಒಣಮೀನಿನ ಲೆಕ್ಕ

ದಿಬ್ಬದ ಕೆಲಸ ಏನು ಎಂದು ನನಗೆ ಎಲ್ಲರಿಗಿಂತ ಚೆನ್ನಾಗಿ ಹೇಳಿದವರು ಟೊಂಕದಲ್ಲಿ ಮೀನು ಒಣಗಿಸುವ ಒಬ್ಬ ಅಮ್ಮ. ಒಂದು ಏಪ್ರಿಲ್ ತಿಂಗಳು, ಹೊಯ್ಗೆಯ ಮೇಲೆ ಬಲೆ ಹಾಸಿ ತಾರ್ಲೆ ಹರಡುತ್ತಿದ್ದರು. ನನ್ನ ಕೈಯಲ್ಲಿ ಕ್ಯಾಮೆರಾ ನೋಡಿ, "ಮಳೆಗಾಲಕ್ಕೆ ಇನ್ನೂ ಎರಡು ತಿಂಗಳು ಉಂಟಲ್ಲ ತಮಾ, ಈಗೆಂತ ಫೋಟೋ ತೆಗಿಯೂಕೆ ಬಂದೆ?" ಎಂದರು.

ದಿಬ್ಬದ ಫೋಟೋ ಎಂದೆ. ಅವರು ನಕ್ಕರು. ಆಮೇಲೆ ಕೈ ಕೆಲಸ ಬಿಡದೆ ಹೇಳಿದರು: "ನಾವು ಮಳೆಗಾಲಕ್ಕೆ ಅಂತ ಒಣಮೀನು ಕಟ್ಟಿ ಇಡ್ತೇವೆ ಅಲ್ವಾ? ಸಮುದ್ರಕ್ಕೂ ಮಳೆಗಾಲದಲ್ಲಿ ತಿನ್ನೂಕೆ ಬೇಕು. ಈ ದಿಬ್ಬ ಅದರದ್ದು. ಅದರ ಪಾಲು ನಾವು ತಿಂದ್ರೆ ಅದು ನಮ್ಮ ಪಾಲಿಗೆ ಬರ್ತದೆ."

ಇದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಹೀಗೆ: ಜೂನಿನಿಂದ ಸೆಪ್ಟೆಂಬರ್ ತನಕ ದೊಡ್ಡ ಅಲೆಗಳು ತೀರದ ಹೊಯ್ಗೆಯನ್ನು ಕಡಿದು ಒಳಗೆ ಎಳೆಯುತ್ತವೆ. ಆ ಹೊಯ್ಗೆ ಹೆಚ್ಚು ದೂರ ಹೋಗುವುದಿಲ್ಲ, ಸ್ವಲ್ಪ ಆಚೆ ನೀರಿನಡಿಯಲ್ಲಿ ದಿಣ್ಣೆಯಾಗಿ ನಿಲ್ಲುತ್ತದೆ. ಮುಂದೆ ಬರುವ ದೊಡ್ಡ ಅಲೆ ಆ ದಿಣ್ಣೆಗೆ ಬಡಿದು ಅಲ್ಲೇ ಮುರಿಯುತ್ತದೆ, ದಡಕ್ಕೆ ಬರುವಾಗ ಅರ್ಧ ಬಲ ಕಳೆದಿರುತ್ತದೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಹೊಯ್ಗೆಯನ್ನು ವಾಪಸು ದಡಕ್ಕೆ ತಂದು ಹಾಕುತ್ತವೆ. ಗಾಳಿ ಅದನ್ನು ಮತ್ತೆ ದಿಬ್ಬಕ್ಕೆ ಏರಿಸುತ್ತದೆ. ಪ್ರತಿ ವರ್ಷ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇದು. ದಾಸ್ತಾನು ಇರುವ ತನಕ ಲೆಕ್ಕ ಸರಿಹೋಗುತ್ತದೆ. ದಿಬ್ಬ ಸಮ ಮಾಡಿ ರಸ್ತೆ ಹಾಕಿದಲ್ಲಿ, ಮನೆಯ ಅಡಿಪಾಯಕ್ಕೆಂದು ಹೊಯ್ಗೆ ಹೊತ್ತಲ್ಲಿ, ಜೂನಿನಲ್ಲಿ ಕಡಲಿಗೆ ಸಿಗುವುದು ತೆಂಗಿನ ಬುಡ.

ಬಾವಿಯ ನೀರು

ಟೊಂಕಕ್ಕೆ ಹೊಸದಾಗಿ ಬಂದವರಿಗೆ ಆಶ್ಚರ್ಯವಾಗುವ ಒಂದು ಸಂಗತಿ ಇದೆ. ಕಡಲು ಕಾಣುವಷ್ಟು ಹತ್ತಿರದ ಮನೆಯಲ್ಲಿ ಬಾವಿ ಇರುತ್ತದೆ, ಆಳ ಕೆಲವೇ ಅಡಿ, ನೀರು ಸಿಹಿ.

ಮಳೆಯ ನೀರು ಹೊಯ್ಗೆಯಲ್ಲಿ ಬೇಗ ಇಂಗುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಅದು ದಿಬ್ಬದ ಅಡಿಯಲ್ಲಿ ಉಪ್ಪು ನೀರಿನ ಮೇಲೆ ತೇಲಿ ನಿಂತಿರುತ್ತದೆ. ಇದಕ್ಕೊಂದು ಲೆಕ್ಕ ಇದೆ: ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ನಿಂತಿದ್ದರೆ, ಅದರ ಭಾರಕ್ಕೆ ಕೆಳಗೆ ಸುಮಾರು 40 ಅಡಿ ತನಕ ಸಿಹಿ ನೀರೇ ಇರಬಲ್ಲದು. ತಿರುಗಿಸಿ ನೋಡಿದರೆ ಭಯವಾಗುತ್ತದೆ. ಮೇಲಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪು ನೀರು 40 ಅಡಿ ಮೇಲೇರುವ ಹಾದಿ ತೆರೆಯುತ್ತದೆ. ದಿಬ್ಬ ಹೋದರೆ ಮಳೆ ನೀರು ಹಿಡಿಯುವ ಪಾತ್ರೆ ಹೋಯಿತು. ದಿಬ್ಬದ ಮೇಲೆ ಕಟ್ಟಡ ಕಟ್ಟಿ ದೊಡ್ಡ ಪಂಪಿನಲ್ಲಿ ನೀರು ಎತ್ತಿದರೂ ಅದೇ ಗತಿ. ಮೊದಲು ಉಪ್ಪಾಗುವುದು ಪಂಪ್ ಇಟ್ಟವರ ನೀರು ಮಾತ್ರ ಅಲ್ಲ, ಪಕ್ಕದ ಮನೆಯ ಆರು ಅಡಿ ಬಾವಿ ಕೂಡ.

ಅಲ್ಲಿ ಯಾರೆಲ್ಲ ಇದ್ದಾರೆ

ಬೆಳಗಿನ ಜಾವ ಹೋದರೆ ಹೊಯ್ಗೆಯ ಮೇಲೆ ರಾತ್ರಿಯ ಪೂರ್ತಿ ಸುದ್ದಿ ಬರೆದಿರುತ್ತದೆ. ಬಿಳಿ ಏಡಿಯ ತೂತುಗಳು, ಸುತ್ತ ಅದು ತೋಡಿ ಎಸೆದ ಹೊಯ್ಗೆ ಉಂಡೆ. ಕಣ್ಣು ಕಡ್ಡಿಯ ತುದಿಯಲ್ಲಿರುವ ಈ ಏಡಿ ನಮ್ಮ ನೆರಳು ಕಂಡರೆ ಮಾಯ. ಒದ್ದೆ ಸಿಗುವ ತನಕ ಆಳಕ್ಕೆ ಬಿಲ ತೋಡುತ್ತದೆ. ಸತ್ತ ಮೀನು, ಕಸ ತಿಂದು ತೀರ ಚೊಕ್ಕ ಮಾಡುತ್ತದೆ. ತೀರ ಎಷ್ಟು ಆರೋಗ್ಯವಾಗಿದೆ ಎಂದು ತಿಳಿಯಲು ತಜ್ಞರೂ ಈ ತೂತುಗಳನ್ನು ಎಣಿಸುತ್ತಾರೆ. ಜೀಪು, ಬೈಕು ಓಡುವ ತೀರದಲ್ಲಿ ತೂತು ಕಡಿಮೆ.

ನರಿಯ ಹೆಜ್ಜೆ, ಮುಂಗುಸಿಯ ಹೆಜ್ಜೆ ಕೇದಿಗೆ ಪೊದೆಯಿಂದ ಹೊರಟು ಕಸದ ಗೆರೆಯ ತನಕ ಬಂದು ವಾಪಸು ಹೋಗಿರುತ್ತವೆ. ಚಳಿಗಾಲದಲ್ಲಿ ದೂರದ ಉತ್ತರದಿಂದ ಬಂದ ಕಡಲಹಕ್ಕಿಗಳು, ಸಣ್ಣ ಬೂದು ಬಣ್ಣದ ಗೊರವಗಳು ಅಳಿವೆಯ ಹೊಯ್ಗೆಯಲ್ಲಿ ಹಿಂಡಾಗಿ ಕೂತಿರುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದವು. ಅವುಗಳಿಗೆ ಬೇಕಾದದ್ದು ಒಂದೇ, ಯಾರೂ ಎಬ್ಬಿಸದ ಜಾಗ. ಬಿಳಿ ಹೊಟ್ಟೆಯ ಕಡಲ ಹದ್ದು ತೀರದ ಎತ್ತರದ ಮರದಲ್ಲಿ ಗೂಡು ಕಟ್ಟುತ್ತದೆ. ಒಂದೇ ಗೂಡಿಗೆ ವರ್ಷ ವರ್ಷವೂ ಕಡ್ಡಿ ಸೇರಿಸುತ್ತ ಹೋಗುತ್ತದೆ.

ಎಲ್ಲರಿಗಿಂತ ದೊಡ್ಡ ಅತಿಥಿ ಆಲಿವ್ ರಿಡ್ಲೆ ಕಡಲಾಮೆ. ನವೆಂಬರಿನಿಂದ ಮಾರ್ಚ್ ತನಕದ ರಾತ್ರಿಗಳಲ್ಲಿ ಹೆಣ್ಣಾಮೆ ಒಂಟಿಯಾಗಿ ದಡಕ್ಕೆ ಬರುತ್ತದೆ. ಟೊಂಕದ ಹುಡುಗರ ಜೊತೆ ಒಂದು ಫೆಬ್ರವರಿ ರಾತ್ರಿ ನಾನು ನೋಡಿದ್ದೇನೆ. ಟಾರ್ಚ್ ಹಾಕುವಂತಿಲ್ಲ, ಮಾತಾಡುವಂತಿಲ್ಲ. ಭರತದ ಗೆರೆ ದಾಟಿ, ಬಳ್ಳಿ ಶುರುವಾಗುವ ಜಾಗದ ಹತ್ತಿರ ನಿಂತಿತು. ಹಿಂಗಾಲನ್ನು ಸೌಟಿನ ಹಾಗೆ ಬಳಸಿ ಒಂದೂವರೆ ಅಡಿಯ ಗುಂಡಿ ತೋಡಿತು. ಸುಮಾರು ನೂರು ಮೊಟ್ಟೆ ಇಟ್ಟಿತು. ಹೊಯ್ಗೆ ಮುಚ್ಚಿ, ಎಡಕ್ಕೆ ಬಲಕ್ಕೆ ವಾಲಾಡಿ ಹೊಟ್ಟೆಯಿಂದ ಬಡಿದು ಗಟ್ಟಿ ಮಾಡಿತು. ಆ ದಪ್ ದಪ್ ಸದ್ದು ಹತ್ತು ಮಾರು ದೂರಕ್ಕೆ ಕೇಳುತ್ತಿತ್ತು. ಆಮೇಲೆ ಹಿಂತಿರುಗಿ ನೋಡದೆ ಕಡಲಿಗೆ ಹೋಯಿತು. ಅದು ಹೋದ ದಾರಿ ಹೊಯ್ಗೆಯ ಮೇಲೆ ಟ್ರ್ಯಾಕ್ಟರ್ ಟೈರಿನ ಗುರುತಿನ ಹಾಗೆ ಉಳಿಯಿತು. ಜೊತೆಗಿದ್ದ ಹುಡುಗ ಕೈ ಮುಗಿದ. ಕೂರ್ಮಾವತಾರ ಎಂದು ಮನೆಯಲ್ಲಿ ಹೇಳಿಕೊಟ್ಟದ್ದು.

ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಹೊಯ್ಗೆಯ ಬಿಸಿ. ಹೊಯ್ಗೆ ಹೆಚ್ಚು ಕಾದರೆ ಹೆಣ್ಣು, ತಂಪಿದ್ದರೆ ಗಂಡು. ರಾತ್ರಿ ಹೊರಬಂದ ಮರಿಗಳು ಬೆಳಕು ಹೆಚ್ಚಿದ್ದ ಕಡೆಗೆ ಹೋಗುತ್ತವೆ. ಹಿಂದೆಲ್ಲ ಆ ಬೆಳಕು ಕಡಲಿನ ಮೇಲಿನ ಆಕಾಶದ್ದು. ಈಗ ಹಿಂದುಗಡೆ ದೊಡ್ಡ ದೀಪ ಉರಿಯುತ್ತಿದ್ದರೆ ಮರಿ ರಸ್ತೆಯ ಕಡೆಗೆ ತೆವಳುತ್ತದೆ. ಬದುಕಿ ದೊಡ್ಡದಾಗುವುದು ಸಾವಿರಕ್ಕೆ ಒಂದು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬದುಕಿದ ಹೆಣ್ಣು ಮೊಟ್ಟೆ ಇಡಲು ತಾನು ಹುಟ್ಟಿದ ತೀರದ ಕಡೆಗೇ ಬರುತ್ತದೆ. ಬರುವ ಹೊತ್ತಿಗೆ ಆ ತೀರ ಅಲ್ಲಿ ಇರಬೇಕು.

ದಾಸ್ತಾನು ಕಡಿಮೆಯಾಗುತ್ತಿರುವುದು

ಮೊದಲ ಕಾರಣ ನಮ್ಮ ಕಣ್ಣಿಗೆ ಕಾಣದಷ್ಟು ಮೇಲಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಮೇಲೆ ಜೋಗದ ಕೆಳಗೆ ಗೇರುಸೊಪ್ಪದಲ್ಲೂ ಅಣೆಕಟ್ಟು ಬಂತು. ನಾಡಿಗೆ ಕರೆಂಟು ಸಿಕ್ಕಿತು. ಆದರೆ ಅಣೆಕಟ್ಟು ನೀರನ್ನು ಬಿಡುತ್ತದೆ, ಹೊಯ್ಗೆಯನ್ನು ಬಿಡುವುದಿಲ್ಲ. ಅದು ಹಿನ್ನೀರಿನ ತಳದಲ್ಲಿ ಕೂರುತ್ತದೆ. ಕೆಳಗೆ ಉಳಿದ ಹೊಳೆಯ ಹೊಯ್ಗೆಗೆ ಕಟ್ಟಡ ಕೆಲಸದವರ ಬೇಡಿಕೆ. ಅಂದರೆ ಕಡಲಿಗೆ ಬರುವ ಆದಾಯ ಕಡಿಮೆ, ಖರ್ಚು ಮೊದಲಿನಷ್ಟೇ. ಇಂಥ ಕಾಲದಲ್ಲಿ ಇದ್ದ ದಿಬ್ಬವನ್ನು ಇನ್ನೂ ಜೋಪಾನ ಮಾಡಬೇಕಿತ್ತು.

ಎರಡನೆಯದು ಕಲ್ಲಿನ ಗೋಡೆ. ಮನೆ ಬೀಳುವಾಗ ಕಲ್ಲು ಬೇಡ ಎಂದು ಯಾರಿಗೂ ಹೇಳಲು ಬಾಯಿ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಅಲೆ ಹೊಯ್ಗೆಗೆ ಬಡಿದರೆ ಬಲ ಇಂಗುತ್ತದೆ, ಕಲ್ಲಿಗೆ ಬಡಿದರೆ ತಿರುಗಿ ಬಂದು ಗೋಡೆಯ ಬುಡವನ್ನೇ ತೋಡುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜೋರಾಗುತ್ತದೆ. ಮುಂದಿನ ವರ್ಷ ಪಕ್ಕದ ಕೇರಿಯವರು ಕಲ್ಲು ಕೇಳುತ್ತಾರೆ. ಗೋಡೆ ಬಂದ ಕಡೆ ಆಮೆಗೆ ಮೇಲೆ ಹತ್ತಲು ದಾರಿ ಇಲ್ಲ, ದೋಣಿ ಎಳೆಯಲೂ ದಾರಿ ಇಲ್ಲ.

ಮೂರನೆಯದು ಖಾಲಿ ಜಾಗ ಎಂಬ ಎಣಿಕೆ. ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆ ಬಂದು ಹತ್ತು ವರ್ಷಕ್ಕೂ ಮೇಲಾಯಿತು. ಮೀನುಗಾರರು ವಿರೋಧಿಸುತ್ತಲೇ ಇದ್ದಾರೆ, ವಿಷಯ ಹೈಕೋರ್ಟಿನ ತನಕ ಹೋಗಿದೆ. ಅದೇ ಊರಿನ ಇನ್ನೊಂದು ಬದಿಯ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ವರ್ಷ ದೇಶದ ಎಂಟು ತೀರಗಳಿಗೆ ಸಿಕ್ಕಿದ್ದರಲ್ಲಿ ಕರ್ನಾಟಕದ್ದು ಎರಡು, ಕಾಸರಕೋಡ ಮತ್ತು ಪಡುಬಿದ್ರಿ. ಸ್ವಲ್ಪ ದಕ್ಷಿಣಕ್ಕೆ ಅಪ್ಸರಕೊಂಡ–ಮುಗಳಿ ಕಡಲ ಪ್ರದೇಶವನ್ನು ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ ಮಾಡುವ ತೀರ್ಮಾನವೂ ಸರ್ಕಾರದಿಂದ ಆಗಿದೆ. ಒಂದೇ ಹೊಯ್ಗೆ ಪಟ್ಟಿಯ ಮೇಲೆ ಪ್ರವಾಸಿಗರಿಗೆ ಒಂದು ಗೆರೆ, ಹಡಗಿಗೆ ಒಂದು ಗೆರೆ, ಆಮೆಗೆ ಒಂದು ಗೆರೆ. ಹೊಯ್ಗೆಗೆ ಮಾತ್ರ ಈ ಗೆರೆಗಳು ಗೊತ್ತಿಲ್ಲ. ಒಂದು ಕಡೆ ತಡೆದರೆ ಇನ್ನೊಂದು ಕಡೆ ಬರಿದಾಗುತ್ತದೆ.

ಕಾನೂನು ಇಲ್ಲವೇ? ಇದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ 1991ರದ್ದು. 2011ರ ಅಧಿಸೂಚನೆ ಮರಳ ದಿಬ್ಬವನ್ನು ಕೆರೆದು ಆಕಾರ ಬದಲಿಸುವುದನ್ನು ನಿಷೇಧಿತ ಕೆಲಸಗಳ ಪಟ್ಟಿಗೆ ಹಾಕಿತು. 2019ರ ಅಧಿಸೂಚನೆಯೂ ಮರಳ ದಿಬ್ಬ ಮತ್ತು ಕಡಲಾಮೆ ಮೊಟ್ಟೆ ಇಡುವ ಜಾಗ ಎರಡನ್ನೂ ಅತಿ ಸೂಕ್ಷ್ಮ ವಲಯದಲ್ಲಿ ಇಟ್ಟಿದೆ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಆದರೆ ಕಾನೂನು ಕೆಲಸ ಮಾಡಬೇಕಾದರೆ ನಕ್ಷೆಯಲ್ಲಿ ಆ ಜಾಗವನ್ನು ದಿಬ್ಬ ಎಂದು ಗುರುತಿಸಿರಬೇಕು. ನಕ್ಷೆಯಲ್ಲಿ ಇಲ್ಲದ ದಿಬ್ಬ ಕಾನೂನಿನ ಕಣ್ಣಿಗೆ ಬರೀ ಹೊಯ್ಗೆ.

ಆಮೆಯೋ ಜನರೋ ಎಂಬ ಪ್ರಶ್ನೆ

ಪೇಟೆಯಲ್ಲಿ ಚಹಾ ಕುಡಿಯುವಾಗ ಈ ಮಾತು ಬಂದೇ ಬರುತ್ತದೆ: "ನಿಮಗೆ ಆಮೆ ಮುಖ್ಯವೋ, ಊರು ಉದ್ಧಾರ ಆಗುವುದು ಮುಖ್ಯವೋ?" ಟೊಂಕದಲ್ಲಿ ಈ ಪ್ರಶ್ನೆ ಅರ್ಥ ಕಳೆದುಕೊಳ್ಳುತ್ತದೆ. ಅಲ್ಲಿ ಆಮೆ ಮೊಟ್ಟೆ ಇಡುವ ಹೊಯ್ಗೆ, ಮೀನು ಒಣಗುವ ಹೊಯ್ಗೆ, ದೋಣಿ ಎಳೆಯುವ ಹೊಯ್ಗೆ, ಬಾವಿಗೆ ನೀರು ಕೊಡುವ ಹೊಯ್ಗೆ ಎಲ್ಲ ಒಂದೇ. ಗೂಡು ಮೊದಲು ನೋಡುವವರು ಬೆಳಿಗ್ಗೆ ಬಲೆಗೆ ಹೋಗುವ ಮೀನುಗಾರರು. ಅವರು ತಿಳಿಸಿದ ಮೇಲೆಯೇ ಅರಣ್ಯ ಇಲಾಖೆಯವರು ಬಂದು ಬೇಲಿ ಹಾಕುವುದು.

ಆದರೆ ಆ ಮೀನುಗಾರರ ಭಯವೂ ಸುಳ್ಳಲ್ಲ. ತಲೆಮಾರುಗಳಿಂದ ಅಲ್ಲಿದ್ದರೂ ಎಷ್ಟೋ ಮನೆಗಳಿಗೆ ಕೈಯಲ್ಲಿ ಹಕ್ಕುಪತ್ರ ಇಲ್ಲ. ಇವತ್ತು ಆಮೆಗೆಂದು ಹಾಕಿದ ಬೇಲಿ ನಾಳೆ ತಮ್ಮ ಅಂಗಳಕ್ಕೂ ಬಂದೀತು ಎಂದು ಅವರು ಯೋಚಿಸುತ್ತಾರೆ. ಕರಾವಳಿ ಅಧಿಸೂಚನೆಯಲ್ಲೇ ಮೀನುಗಾರ ಸಮುದಾಯಗಳ ವಸತಿಗೆ ದೀರ್ಘಕಾಲದ ಯೋಜನೆ ಮಾಡಬೇಕೆಂಬ ಮಾತಿದೆ. ದಿಬ್ಬ ಉಳಿಸಿ ಎಂದು ಹೇಳುವವರು ಆ ಸಾಲನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕು. ದಿಬ್ಬ ಕಾಯುವವರನ್ನೇ ಅಲ್ಲಿಂದ ಎಬ್ಬಿಸಿದರೆ ದಿಬ್ಬ ಕಾಯಲು ಯಾರೂ ಉಳಿಯುವುದಿಲ್ಲ.

ಮಳೆಗಾಲಕ್ಕೆ ಮೊದಲು ಊರಿನಲ್ಲಿ ಮಾಡಬಹುದಾದ್ದು

ಇವು ಯಾವುದಕ್ಕೂ ದೊಡ್ಡ ಅನುದಾನ ಬೇಡ. ಕಡಲ ಬದಿಯ ಯಾವ ಊರಿನವರೂ ಮಾಡಬಹುದು.

ಪಂಚಾಯಿತಿಯಲ್ಲಿ ನಿಮ್ಮ ಊರಿನ ಕರಾವಳಿ ವಲಯದ ನಕ್ಷೆ ಕೇಳಿ. ಸರ್ವೆ ನಂಬರಿನ ಎದುರು ನಿಮ್ಮ ದಿಬ್ಬ ಇದೆಯಾ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಬರೆಸಿ, ಠರಾವು ಮಾಡಿಸಿ. ಜೊತೆಗೆ ಮೀನು ಒಣಗಿಸುವ ಜಾಗ, ದೋಣಿ ಇಡುವ ಜಾಗವನ್ನೂ ಬರೆಸಿ.

ಕಡಲಿಗೆ ಇಳಿಯಲು ಮನೆಗೊಂದು ದಾರಿ ಬೇಡ. ಹತ್ತು ಮನೆಗೆ ಒಂದು ಸಾಕು. ದಾರಿ ನೇರ ಕಡಲಿಗೆ ಬಾಯಿ ತೆರೆಯದೆ ಸ್ವಲ್ಪ ಓರೆಯಾಗಿರಲಿ. ಅಲೆಯೂ ಗಾಳಿಯೂ ಮೊದಲು ನುಗ್ಗುವುದು ನೇರ ದಾರಿಯಲ್ಲೇ.

ಸ್ವಚ್ಛತೆ ಮಾಡುವಾಗ ಪ್ಲಾಸ್ಟಿಕ್, ಬಲೆ ತುಂಡು ಹೆಕ್ಕಿ. ಬಂಗಡೆ ಬಳ್ಳಿಯನ್ನು ಕಸ ಎಂದು ಕೀಳಬೇಡಿ. ಜೆಸಿಬಿ ತಂದು ತೀರ ಚೊಕ್ಕ ಮಾಡುತ್ತೇವೆ ಎಂದು ಬಂದವರನ್ನು ದಿಬ್ಬದ ಕೆಳಗೇ ನಿಲ್ಲಿಸಿ. ಬೋಳಾದ ಕಡೆ ಬಳ್ಳಿಯ ತುಂಡುಗಳನ್ನು ಮಳೆ ಶುರುವಾಗುವ ಹೊತ್ತಿಗೆ ಹೊಯ್ಗೆಯಲ್ಲಿ ಹೂತರೆ ಬೇರು ಬಿಡುತ್ತದೆ. ಶಾಲೆ ಮಕ್ಕಳೂ ಮಾಡಬಹುದಾದ ಕೆಲಸ.

ನವೆಂಬರಿನಿಂದ ಮೇ ತನಕ ಕಡಲ ಕಡೆಗೆ ಮುಖ ಮಾಡಿದ ದೊಡ್ಡ ದೀಪವನ್ನು ರಾತ್ರಿ ಆರಿಸಿ, ಇಲ್ಲವೇ ಕೆಳಕ್ಕೆ ತಿರುಗಿಸಿ. ಟೈರಿನಂಥ ಗುರುತು ಕಂಡರೆ ಅದನ್ನು ತುಳಿಯದೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಮೊಟ್ಟೆ ಮುಟ್ಟುವುದು, ತೋಡಿ ವೀಡಿಯೊ ಮಾಡುವುದು ಬೇಡ.

ಕೊನೆಯದಾಗಿ ಒಂದು ಫೋಟೋ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಂದು, ಮೇ ಕೊನೆಯಲ್ಲಿ ಒಂದು, ಒಂದೇ ಜಾಗದಲ್ಲಿ ನಿಂತು, ಒಂದೇ ತೆಂಗಿನಮರ ಕಾಣುವ ಹಾಗೆ ದಿಬ್ಬದ ಫೋಟೋ ತೆಗೆದಿಡಿ. ತಾರೀಖು ಬರೆದಿಡಿ. ಮೂರು ವರ್ಷದ ಆರು ಫೋಟೋ ಇದ್ದರೆ ನಿಮ್ಮ ದಾಸ್ತಾನು ಏರುತ್ತಿದೆಯೋ ಇಳಿಯುತ್ತಿದೆಯೋ ಯಾರೂ ಹೇಳಬೇಕಾಗಿಲ್ಲ. ಅಧಿಕಾರಿಗಳ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ಕಾಗದವೂ ಇಲ್ಲ. ನಿಮ್ಮ ಊರಿನ ಸ್ಟ್ರಿಂಗರಿಗೂ ಒಂದು ಪ್ರತಿ ಕಳಿಸಿ. ಮನೆ ಬೀಳುವ ಮೊದಲೇ ಬರೆಯಲು ನಮಗೂ ಒಂದು ಆಧಾರ ಬೇಕು.